ಬಚ್ಚಲ ಕಿಟಕಿ

ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಎಡಕ್ಕೆ ಗಂಡ, ಬಲಕ್ಕೆ ಅಕ್ಕ, ನಡುವೆ ತಾನು. ಹೀಗೆ ಮೂವರೂ ಒಟ್ಟಿಗೆ ಬಂದು ಕೂರುವಂತಾಗಬಾರದು ಎಂದು ಅವಳು ಬೆಳಿಗ್ಗೆಯಿಂದ ಏನೇನೋ ಉಪಾಯ ಹೂಡಿದ್ದಳು. ನಿನಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ ಎಂದು ಅಕ್ಕನಿಗೆ ಹೇಳಿದಳು; ಲಿಫ್ಟ್ ಇದೆಯಲ್ಲೇ ಎಂದಳು ಅಕ್ಕ. ಗ್ಯಾಸಿನವನು ಬರುತ್ತಾನೆ, ನೀವು ಮನೆಯಲ್ಲೇ ಇರಿ ಎಂದು ಗಂಡನಿಗೆ ಹೇಳಿದಳು. ಅವನು ಆಗಲೇ ಬಿಳಿ ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದ, ಬಂದರೆ ಬರಲಿ, ಹೋದರೆ ಹೋಗಲಿ ಎಂದ. ನಿವೃತ್ತನಾಗಿ ಎಷ್ಟು ವರ್ಷವಾದರೂ ಹೊಸಿಲು ದಾಟಬೇಕಾದರೆ ಅವನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯೇ ಆಗಬೇಕು. ಈಗ ಎದುರಿನ ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ಒಂದೊಂದಾಗಿ ಮೆಲುದನಿಯಲ್ಲಿ ಓದುತ್ತ ಕೂತಿದ್ದಾನೆ. ಇಲ್ಲಿ ಉಗುಳಬಾರದು. ಸರದಿಯಲ್ಲಿ ಬನ್ನಿ. ಅಕ್ಕ ಚೀಲದಿಂದ ಫ್ಲಾಸ್ಕ್ ತೆಗೆದಳು, ಯಾರಿಗೂ ಬೇಡವೆಂದು ಗೊತ್ತಾದ ಮೇಲೆ ಮತ್ತೆ ಒಳಗಿಟ್ಟಳು. ಹೋದ ವಾರ ಬೆನ್ನಿಗೆ ಸೂಜಿ ಚುಚ್ಚಿ, ಶ್ವಾಸಕೋಶದ ಸುತ್ತ ತುಂಬಿಕೊಂಡಿದ್ದ ನೀರು ತೆಗೆದ ಮೇಲೆ ಕೆಲವು ದಿನ ಉಸಿರು ಸಲೀಸಾಗಿತ್ತು. ಈಗ ಮತ್ತೆ ಬಲಗಡೆ ಯಾರೋ ಒದ್ದೆ ಬಟ್ಟೆಯ ಗಂಟು ಇಟ್ಟ ಹಾಗೆ. ಆದರೆ ಅವಳಿಗೆ ಉಸಿರು ಕಟ್ಟುತ್ತಿದ್ದುದು ಅದೊಂದರಿಂದಲೇ ಅಲ್ಲ. ಬಾಗಿಲು ತೆರೆದು, ಹೆಸರು ಕೂಗಿ, ಒಳಗೆ ಹೋದ ಮೇಲೆ ಡಾಕ್ಟರಮ್ಮ ಕೇಳಲಿರುವ ಪ್ರಶ್ನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ಹೋದ ವಾರವೇ ಕೇಳಿಯಾಗಿತ್ತು.

ಆಗ ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ಡಾಕ್ಟರಮ್ಮ, ಮಗಳಿದ್ದಿದ್ದರೆ ಅಷ್ಟೇ ವಯಸ್ಸಾಗಿರುತ್ತಿದ್ದ ಹುಡುಗಿ, ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದವಳು ಹಾಗೇ ಕೇಳಿದ್ದಳು. "ನೀವು ಯಾವತ್ತಾದ್ರೂ ಕಲ್ನಾರಿನ ಕೆಲಸ ಮಾಡಿದ್ರಾ? ಅದೇ, ಆಸ್‌ಬೆಸ್ಟಾಸ್. ನೀವಲ್ದಿದ್ರೆ ಮನೇಲಿ ಯಾರಾದ್ರೂ?" ಅವಳು ಯೋಚಿಸಲೂ ಇಲ್ಲ. "ಇಲ್ಲಮ್ಮ, ನಮ್ಮನೆಯವ್ರು ಗಿರಣಿ ಆಫೀಸಲ್ಲಿದ್ರು. ಲೆಕ್ಕಪತ್ರ ವಿಭಾಗ." ಎಷ್ಟು ಸರಾಗವಾಗಿ ಬಂದಿತ್ತು ಅದು, ಮನೆಯ ವಿಳಾಸ ಹೇಳಿದಷ್ಟು ಸರಾಗವಾಗಿ. ಡಾಕ್ಟರಮ್ಮ ಒಂದು ಕ್ಷಣ ಅವಳನ್ನೇ ನೋಡಿ, "ಮನೇಲಿ ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ಕೊಡೋ ಔಷಧಿ ಇದರ ಮೇಲೆ ನಿಂತಿದೆ. ಮುಂದಿನ ವಾರ ಮತ್ತೆ ಕೇಳ್ತೀನಿ" ಎಂದಿದ್ದಳು. ನೆನಪು ಮಾಡಿಕೊಳ್ಳುವುದಕ್ಕೇನಿತ್ತು, ಮರೆತಿದ್ದರೆ ತಾನೆ.

ಲೆಕ್ಕಪತ್ರ ವಿಭಾಗ. ಆ ಮಾತು ಮೊದಲು ಅವಳ ಬಾಯಿಂದ ಬಂದದ್ದು ಮದುವೆಯ ಮರುದಿನ. ಹುಡುಗನಿಗೆ ಗಿರಣಿಯಲ್ಲಿ ಕೆಲಸ ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಗಂಡ, ಬ್ಯಾಂಕಿನ ಅಧಿಕಾರಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, ಗಿರಣಿಯಲ್ಲಿ ಯಾವ ವಿಭಾಗ ಎಂದು ವಿಚಾರಿಸಿದರು. ಕೇಳಿದ್ದರಲ್ಲಿ ಕೊಂಕಿರಲಿಲ್ಲ, ಭಾವ ಅಂಥವರಲ್ಲ. ಹೊಸ ಗಂಡ ಬಾಯಿ ತೆರೆದ. ಅವನ ಉಗುರುಗಳ ಸಂದಿಯಲ್ಲಿ ಮದುವೆಯ ಸ್ನಾನಕ್ಕೂ ಹೋಗದೆ ಉಳಿದಿದ್ದ ಬಿಳಿಯ ಗೆರೆ ಅವಳ ಕಣ್ಣಿಗೆ ಬಿತ್ತು. ಅಕ್ಕನ ಕಣ್ಣಿಗೂ ಬೀಳುತ್ತದೆ ಎನಿಸಿತು. ಅವನಿಗಿಂತ ಮುಂಚೆ ಅವಳೇ, "ಲೆಕ್ಕಪತ್ರ" ಎಂದುಬಿಟ್ಟಳು. ಅವನು ತಿರುಗಿ ಅವಳನ್ನು ನೋಡಿದ. ಸಿಟ್ಟಿನ ನೋಟವಲ್ಲ ಅದು. ಇದನ್ನು ಹೊರಲೇಬೇಕೇ ಎಂದು ಕೇಳುವ ಹಾಗಿತ್ತು. ಆಮೇಲೆ ಹೊತ್ತ. ಗಿರಣಿಯಿಂದ ಹೊರಡುವ ಮುಂಚೆ ಅಲ್ಲೇ ಮೈ ತೊಳೆದು ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿ, ಕೆಲಸದ ಬಟ್ಟೆಯನ್ನು ಮಡಿಸಿ ಚರ್ಮದ ಕೈಚೀಲದಲ್ಲಿಟ್ಟು ಮನೆಗೆ ಬರುತ್ತಿದ್ದ. ಬೀದಿಯವರಿಗೆ ಅದು ಕಡತ ತುಂಬಿದ ಆಫೀಸು ಚೀಲ. ಅವನ ನಿಜವಾದ ಕೆಲಸ ಬಾಯ್ಲರ್ ಮನೆಯಲ್ಲಿ. ಹಬೆ ಹೋಗುವ ಪೈಪುಗಳಿಂದ ಶಾಖ ಸೋರದಂತೆ ಕಲ್ನಾರಿನ ಹೊದಿಕೆ ಕಟ್ಟುವುದು, ಹಳತಾದ ಹೊದಿಕೆಯನ್ನು ಕಿತ್ತು ಹೊಸದು ಮೆತ್ತುವುದು. ಪೈಪಿನ ಬಾಗಿಗೆ, ವಾಲ್ವಿನ ಕುತ್ತಿಗೆಗೆ ಕಣ್ಣಳತೆಯಲ್ಲೇ ಕಲ್ನಾರಿನ ಬಟ್ಟೆ ಕತ್ತರಿಸಿ ಹೊಲಿದುಬಿಡುತ್ತಾನೆ ಎಂದು ಅಲ್ಲಿಯವರು ಅವನನ್ನು ದರ್ಜಿ ಎಂದೇ ಕರೆಯುತ್ತಿದ್ದರಂತೆ. ಇದನ್ನು ಅವನು ಅವಳೊಬ್ಬಳಿಗೆ ಹೇಳಿದ್ದ, ಸ್ವಲ್ಪ ಬೀಗುತ್ತ. ಆ ದರ್ಜಿಯ ಮೇಲೆ ಅವಳಿಗೆ ಪ್ರೀತಿಯಿತ್ತು. ಆದರೆ ಅವನನ್ನು ಯಾರೆದುರಿಗೂ ತೋರಿಸುವ ಧೈರ್ಯವಿರಲಿಲ್ಲ, ಅದರಲ್ಲೂ ಅಕ್ಕನೆದುರು.

ಅಕ್ಕ ಮೇಲಿನ ಮನೆಗೆ ಬಾಡಿಗೆಗೆ ಬಂದ ಮೇಲೆ ಆ ಸುಳ್ಳನ್ನು ಕಾಯುವುದು ಇನ್ನೂ ಕಷ್ಟವಾಯಿತು. ತಂಗಿ ಕೆಳಗಿರುತ್ತಾಳೆ, ಕಷ್ಟಸುಖಕ್ಕಾಗುತ್ತದೆ ಎಂದು ಬಂದಳು. ಮನೆಯ ಹಿಂದಿನ ಅಂಗಳದಲ್ಲಿ ನಲ್ಲಿ, ಒಗೆಯುವ ಕಲ್ಲು, ಬಟ್ಟೆ ಹರವುವ ತಂತಿ, ಎಲ್ಲ ಅಕ್ಕನ ಬಾಲ್ಕನಿಯ ನೇರ ಕೆಳಗೆ. ಮಧ್ಯಾಹ್ನ ಅಕ್ಕ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು, ತರಕಾರಿ ಹೆಚ್ಚುತ್ತಲೋ ತಲೆ ಒಣಗಿಸುತ್ತಲೋ. ಅಲ್ಲಿ ಕೂತವರ ಕಣ್ಣಿಗೆ ಬೀಳದೆ ಒಂದು ಕರವಸ್ತ್ರ ಒಗೆಯುವುದೂ ಸಾಧ್ಯವಿರಲಿಲ್ಲ. ಹಾಗಾಗಿ ಕೆಲಸದ ಬಟ್ಟೆಗಳು ಬಚ್ಚಲುಮನೆ ಸೇರಿದವು. ಬಟ್ಟೆಗೆ ಅಂಟಿದ ಕಲ್ನಾರಿನ ಪುಡಿಗೆ ಒಂದು ಗುಣವಿತ್ತು. ನೀರು ಬಿದ್ದರೆ ಹಿಟ್ಟಾಗಿ, ಒಣಗಿದರೆ ಗಾರೆಯಾಗಿ ನೂಲಿನೊಳಗೆ ಕಚ್ಚಿಕೊಂಡು ಕೂರುತ್ತಿತ್ತು. ಮೊದಲ ಸಲ ತಿಳಿಯದೆ ನೆನೆಹಾಕಿ ಒಂದು ಅಂಗಿಯನ್ನು ಹಲಗೆ ಮಾಡಿಬಿಟ್ಟಿದ್ದಳು. ಅವನು ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನಾನಿಲ್ಲದಾಗ ಇವನೇ ನಿನ್ನ ಗಂಡ ಎಂದು ನಗಿಸಿದ್ದ. ಒಣಗಿದ್ದಾಗಲೇ ಚೆನ್ನಾಗಿ ಕೊಡವಿ ಆಮೇಲೆ ನೀರಿಗೆ ಹಾಕಬೇಕು ಎಂದು ಹೇಳಿಕೊಟ್ಟವನೂ ಅವನೇ. ಬಾಗಿಲು ಹಾಕಿ, ಅಂಗಳದ ಕಡೆಗಿದ್ದ ಕಿಟಕಿಯ ಗಾಜಿನ ರೆಕ್ಕೆಯನ್ನು ಎಳೆದು ಚಿಲಕ ಸಿಕ್ಕಿಸಿ, ಅವಳು ಕೊಡವುತ್ತಿದ್ದಳು. ಆ ಕಿಟಕಿ ಸೊಟ್ಟ. ಜೋರಾಗಿ ಬಡಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಕೊಡವಿದ ಪುಡಿ ಮೇಲೆದ್ದು, ಮಬ್ಬು ಗಾಜಿನಿಂದ ಬಂದ ಬೆಳಕಿನಲ್ಲಿ ಮಿನುಗುತ್ತ, ಇಳಿಯಲು ಮನಸ್ಸೇ ಇಲ್ಲದಂತೆ ನಿಂತಿರುತ್ತಿತ್ತು. ಚೆಂದವಿತ್ತು ಅದು. ಅವಳು ಎಷ್ಟೋ ಸಲ ಕೆಲಸ ನಿಲ್ಲಿಸಿ ನೋಡಿದ್ದುಂಟು. ಒಮ್ಮೆ ರಜೆಯ ದಿನ ಅವನು ಹೊರಗಿನಿಂದ ಬಾಗಿಲು ತಟ್ಟಿ, "ಕೆಮ್ತಿದ್ದೀಯಲ್ಲೇ, ಕಿಟಕಿನಾದ್ರೂ ತೆಗಿ" ಎಂದಿದ್ದ. "ಅಕ್ಕ ಇದ್ದಾಳೆ ಮೇಲೆ" ಎಂದು ಅವಳು ಒಳಗಿಂದ ಪಿಸುಗುಟ್ಟಿದ್ದಳು. ಅವನು ಇನ್ನೊಂದು ಸಲ ತಟ್ಟಲಿಲ್ಲ.

"ಉಸಿರು ಸಿಗ್ತಾ ಇದೆಯಾ?" ಎಂದು ಅಕ್ಕ ಕೇಳಿದಳು. ಹೂಂ ಎಂದಳು. "ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಡಾಕ್ಟ್ರೇನು ನಿನ್ನ ತಿಂದ್ಬಿಡ್ತಾರಾ? ನಾನಿದ್ದೀನಲ್ಲ, ನಾನು ಮಾತಾಡ್ತೀನಿ." ಅಕ್ಕ ಹುಟ್ಟಿದ್ದೇ ಇನ್ನೊಬ್ಬರ ಪರವಾಗಿ ಮಾತಾಡಲು. ಚಿಕ್ಕಂದಿನಲ್ಲಿ ತಂಗಿಗೆ ಹಸಿವಾಗಿದೆ, ತಂಗಿಗೆ ನಿದ್ದೆ ಬಂದಿದೆ ಎಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದವಳು ಅವಳೇ. ಭಾವ ತೀರಿಕೊಂಡ ಮೇಲೆ ಬಾಯಿ ಇನ್ನಷ್ಟು ಜಾಸ್ತಿಯಾಗಿತ್ತು. ಗಂಡ ಓದುವುದನ್ನು ಮುಗಿಸಿ, "ಮೂರನೇ ಸೂಚನೆಯಲ್ಲಿ ಕಾಗುಣಿತ ತಪ್ಪಿದೆ ಅತ್ತಿಗೆ" ಎಂದ. "ನಿಮ್ಮ ಆಫೀಸಿನ ಕಣ್ಣು ಇನ್ನೂ ಹೋಗಿಲ್ಲ ನೋಡಿ" ಎಂದಳು ಅಕ್ಕ. ಅವನು ಮೆಲ್ಲಗೆ ನಕ್ಕು ಅಂಗಿಯ ತೋಳಿನ ತುದಿ ಸರಿಮಾಡಿಕೊಂಡ. ಅವಳಿಗೆ ಆ ನಗು ನೋಡಲಾಗಲಿಲ್ಲ. ಇಷ್ಟು ವರ್ಷ ದಿನಾ ಆ ಮಾತು ಕೇಳಿಸಿಕೊಂಡು, ದಿನಾ ಅದೇ ನಗು ನಕ್ಕು, ಒಂದು ದಿನವೂ ಅವಳನ್ನು ತಪ್ಪಿತಸ್ಥಳೆಂದು ನೋಡದ ಮನುಷ್ಯ.

ಹೋದ ವಾರ ಇಲ್ಲ ಎಂದ ಮೇಲೂ ಅವಳಿಗೆ ತಡೆಯದೆ, ಯಾರದೋ ವಿಷಯ ಎಂಬಂತೆ, "ಆ ಧೂಳು ಒಳಗೆ ಹೋದ್ರೆ ಏನಾಗತ್ತಮ್ಮ?" ಎಂದು ಕೇಳಿದ್ದಳು. ಡಾಕ್ಟರಮ್ಮನಿಗೆ ಆಗ ಪುರುಸೊತ್ತಿತ್ತೋ, ಅಥವಾ ಅವಳ ಮುಖದಲ್ಲಿ ಏನಾದರೂ ಕಂಡಿತ್ತೋ, ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದ್ದಳು. "ಅದು ಕಲ್ಲಿನ ನಾರು. ಕಣ್ಣಿಗೆ ಕಾಣದಷ್ಟು ಸಣ್ಣ. ಒಳಗೆ ಹೋಗಿ ಶ್ವಾಸಕೋಶದ ಸುತ್ತ ಇರೋ ಪೊರೇಲಿ ಸಿಕ್ಕಿಕೊಂಡು ಕೂರತ್ತೆ, ಕರಗಲ್ಲ. ನಮ್ಮ ಮೈಯಲ್ಲಿ ಕಸ ಗುಡಿಸೋ ಕಣಗಳಿರ್ತಾವೆ. ಅವು ಬಂದು ನುಂಗಕ್ಕೆ ನೋಡ್ತಾವೆ. ನಾರು ಅವಕ್ಕಿಂತ ಉದ್ದ. ಪೂರ್ತಿ ನುಂಗಕ್ಕೂ ಆಗಲ್ಲ, ಉಗುಳಕ್ಕೂ ಆಗಲ್ಲ." ಬಾಯಲ್ಲಿ ಬಿಸಿತುಪ್ಪ ಇಟ್ಕೊಂಡ ಹಾಗೆ, ಎಂದಿದ್ದಳು ಇವಳು. "ಹೂಂ, ಹಾಗೇ. ಕೊನೆಗೆ ಒದ್ದಾಡಿ ಸಾಯ್ತಾವೆ, ಸಾಯುವಾಗ ಇನ್ನಷ್ಟು ಕಣಗಳನ್ನ ಕರೀತಾವೆ. ಬಂದವು ಹಾಗೇ ಸಾಯ್ತಾವೆ. ಗಾಯ ಆದಾಗ ಕೆಂಪಾಗಿ ಊದ್ಕೊಳ್ಳಲ್ವಾ, ಅದಕ್ಕೆ ಉರಿಯೂತ ಅಂತೀವಿ. ಗಾಯ ಮಾಯೋವರೆಗೆ ಅದು ಬೇಕು, ಆಮೇಲೆ ಆರಿಹೋಗ್ಬೇಕು. ಇಲ್ಲಿ ಆರೋದೇ ಇಲ್ಲ. ಮೂವತ್ತು ನಲವತ್ತು ವರ್ಷ ಒಳಗೊಳಗೇ ಉರೀತಾ ಇರತ್ತೆ. ಆ ಉರೀಲಿ ಪಕ್ಕದ ಜೀವಕೋಶಗಳು ಕೆಡ್ತಾವೆ. ಕೆಟ್ಟಿದ್ದು ಸತ್ತುಹೋದ್ರೆ ಒಳ್ಳೇದು. ಆದ್ರೆ ಉರಿಯೂತ ಅವನ್ನ ಸಾಯಕ್ಕೂ ಬಿಡಲ್ಲ. ಬದುಕು, ಬೆಳಿ, ಗಾಯ ಮುಚ್ಚು ಅಂತ ಹೇಳ್ತಾನೇ ಇರತ್ತೆ. ಹಾಗೆ ಬೆಳೀತಾ ಬೆಳೀತಾ ಯಾವುದೋ ಒಂದು ದಾರಿ ತಪ್ಪತ್ತೆ." ಅವಳು, "ಹಾಗಾದ್ರೆ ಕಲ್ಲು ಏನೂ ಮಾಡಲ್ಲ" ಎಂದಿದ್ದಳು. "ಏನೂ ಮಾಡಲ್ಲ ಅಂತಲ್ಲ, ಅದೂ ಕೆಡಿಸತ್ತೆ. ಆದ್ರೆ ಜಾಸ್ತಿ ಕೆಡಿಸೋದು ಮೈ ಮಾಡೋ ಗಲಾಟೆ. ಕಲ್ಲು ಸುಮ್ನೆ ಕೂತಿರತ್ತೆ, ಮೈ ಸುಮ್ನಿರಲ್ಲ." ಅವಳಿಗೆ ತನ್ನ ಮೈಯ ಮೇಲೆ ಕನಿಕರ ಬಂದಿತ್ತು, ತಪ್ಪು ಮನೆಯನ್ನು ಕಾಯುತ್ತ ನಿಂತ ಕಾವಲುಗಾರನ ಮೇಲೆ ಬರುವಂಥದು. ಇಷ್ಟೆಲ್ಲ ನಡೆಯುತ್ತಿದ್ದಾಗ ತಾನು ಅಡುಗೆ ಮಾಡಿದ್ದೇನೆ, ಮದುವೆಮನೆಗಳಿಗೆ ಹೋಗಿ ಬಂದಿದ್ದೇನೆ, ಅಕ್ಕನ ಜತೆ ಜಗಳವಾಡಿ ರಾಜಿಯಾಗಿದ್ದೇನೆ. ಒಳಗೆ ಅದರ ಪಾಡಿಗೆ ಅದು ಉರಿಯುತ್ತಿತ್ತು.

ಆ ವಾರವೆಲ್ಲ ಅವಳು ತನ್ನನ್ನೇ ಕೇಳಿಕೊಂಡಿದ್ದಳು, ಹೆದರಿಕೆ ಯಾವುದರದು ಎಂದು. ನಿಜ ಹೇಳಿದರೆ, ತನ್ನ ಅಂಗಿಯ ಧೂಳೇ ಹೆಂಡತಿಯ ಎದೆಗೆ ಕೂತಿತು ಎಂದು ಗಂಡನಿಗೆ ಗೊತ್ತಾಗುತ್ತದೆ. ಉಳಿದ ಆಯುಷ್ಯ ಅವನು ಆ ಅಂಗಿಯನ್ನೇ ಹೊತ್ತು ತಿರುಗುತ್ತಾನೆ. ಅದಕ್ಕೇ ಹೆದರಿಕೆ ಎಂದುಕೊಂಡಳು. ಅದು ಒಳ್ಳೆಯ ಹೆಂಡತಿಯ ಹೆದರಿಕೆ, ಹೇಳಿಕೊಳ್ಳಲು ಮರ್ಯಾದೆಯಾಗಿತ್ತು. ಆದರೆ ನಿನ್ನೆ ಸಂಜೆ ಅಕ್ಕ ಮೇಲಿಂದ ಬಗ್ಗಿ, ನಾಳೆ ನಾನೂ ಬರ್ತೀನಿ ಕಣೇ ಎಂದು ಕೂಗಿದಾಗ ಎದೆ ಧಸಕ್ಕೆಂದಿತಲ್ಲ, ಅಷ್ಟು ಜೋರಾಗಿ ಅದು ಗಂಡನ ವಿಷಯಕ್ಕೆ ಒಂದು ಸಲವೂ ಧಸಕ್ಕೆಂದಿರಲಿಲ್ಲ. ಸಾವು ಬಂದು ಹೊಸಿಲಲ್ಲಿ ಕೂತಿರುವಾಗಲೂ ಅವಳಿಗೆ ಚಿಂತೆ, ಅಕ್ಕನಿಗೆ ಗೊತ್ತಾಗುತ್ತದಲ್ಲ ಎಂದು. ಬಾಯ್ಲರ್ ಮನೆಯ ಕೂಲಿಯವನ ಹೆಂಡತಿ ಇಷ್ಟು ವರ್ಷ ಗುಮಾಸ್ತನ ಹೆಂಡತಿಯ ಹಾಗೆ ಎದುರಿಗೆ ಕೂತು ಮಾತಾಡಿದಳಲ್ಲ ಎಂದು ಅಕ್ಕ ಮೂಗು ಮುರಿದರೆ. ಇಂಥ ಸಣ್ಣತನ ತನ್ನೊಳಗಿದೆ ಎಂದು ತಿಳಿದಾಗ ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಔಷಧಿ ತಪ್ಪಿದರೂ ಸರಿಯೆ, ಮಾನ ಉಳಿಯಲಿ ಎಂದು ಯಾವ ಮೂಲೆಯಲ್ಲೋ ಒಂದು ದನಿ ಹೇಳುತ್ತಲೇ ಇತ್ತು.

ಬಾಗಿಲು ತೆರೆಯಿತು. ನರ್ಸ್ ಹೆಸರು ಕೂಗಿದಳು. ಮೂವರೂ ಎದ್ದರು.

ಒಳಗೆ ಎರಡೇ ಕುರ್ಚಿ. ಅಕ್ಕ ಒಂದರಲ್ಲಿ ಕೂತು ಇನ್ನೊಂದರಲ್ಲಿ ಅವಳನ್ನು ಕೂರಿಸಿದಳು. ಗಂಡ ಹಿಂದೆ, ತೂಕದ ಯಂತ್ರದ ಪಕ್ಕ, ಕೈಕಟ್ಟಿ ನಿಂತ. ಡಾಕ್ಟರಮ್ಮ ವರದಿಯನ್ನು ಮೇಜಿನ ಮೇಲೆ ಬಿಡಿಸಿ, ಸುತ್ತುಬಳಸದೆ ಹೇಳಿದಳು. "ಕ್ಯಾನ್ಸರ್ ಅನ್ನೋದು ಖಾತ್ರಿ. ಆದ್ರೆ ಶ್ವಾಸಕೋಶದ್ದಾ, ಅದರ ಪೊರೇದಾ ಅಂತ ಪರೀಕ್ಷೆ ಮಾಡಿದವರಿಗೆ ಇನ್ನೂ ಅನುಮಾನ. ಎರಡಕ್ಕೂ ಔಷಧಿ ಬೇರೆ ಬೇರೆ. ಕಲ್ನಾರಿನ ಧೂಳಿಲ್ಲದೆ ಪೊರೆಗೆ ಬರೋದು ಅಪರೂಪ. ಅದಕ್ಕೇ ಮತ್ತೆ ಕೇಳ್ತಿದ್ದೀನಿ." ಹಾಗೆನ್ನುತ್ತ ಅವಳ ತಲೆಯ ಮೇಲಿಂದ ಗಂಡನ ಕಡೆ ನೋಡಿದಳು. "ನೀವು ಗಿರಣೀಲಿದ್ರಂತೆ. ಆಫೀಸೇನಾ, ಇಲ್ಲ ಬೇರೆ ಕಡೆ ಏನಾದ್ರೂ?"

ಅವಳು ಕತ್ತು ತಿರುಗಿಸಿದಳು. ಅವನು ಬಾಯಿ ತೆರೆದಿದ್ದ. ತೆರೆದ ಬಾಯಿ ಹಾಗೇ ಇದ್ದು ಕಣ್ಣು ಮಾತ್ರ ಡಾಕ್ಟರಮ್ಮನಿಂದ ಅತ್ತಿಗೆಯ ಕಡೆಗೆ, ಅಲ್ಲಿಂದ ಅವಳ ಕಡೆಗೆ ಬಂತು. ಅದೇ ನೋಟ. ಮದುವೆಯ ಮರುದಿನದ್ದು. ಇದನ್ನು ಇನ್ನೂ ಹೊರಬೇಕೇ. ಅವಳು ಕಣ್ಣು ಕೆಳಗಿಳಿಸಿದಳು. ಅವನು ಅಂಗಿಯ ತೋಳಿನ ತುದಿ ಎಳೆದುಕೊಂಡು ನೆಟ್ಟಗೆ ನಿಂತ. "ಆಫೀಸೇ ಮೇಡಂ. ಲೆಕ್ಕಪತ್ರ ವಿಭಾಗ" ಎಂದ.

ಅಷ್ಟು ಸ್ಪಷ್ಟವಾಗಿ, ಅಷ್ಟು ವಿನಯವಾಗಿ ಹೇಳಿದ. ಹೇಳಿದ್ದು ಅವಳ ಜೀವಕ್ಕೇ ಎರವಾಗಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅವಳ ಮಾನ ಕಾಯುವುದು ಅವನಿಗೆ ಉಸಿರಾಡುವಷ್ಟು ರೂಢಿಯಾಗಿಹೋಗಿತ್ತು. ತಾನು ಕಲಿಸಿದ್ದು ಇದನ್ನೇ. ದರ್ಜಿ ಎಂದು ಹೆಮ್ಮೆಪಟ್ಟಿದ್ದ ಮನುಷ್ಯನಿಗೆ ತಾನು ಮಾಡಿಸಿದ್ದು ಇದು. ಡಾಕ್ಟರಮ್ಮ ಪೆನ್ನು ಎತ್ತಿಕೊಂಡಳು. ಅವಳಿಗೆ ಎದೆಯ ಬಲಗಡೆ ಇರಿದಂತಾಯಿತು.

"ಅಲ್ಲ" ಎಂದಳು. ದನಿ ಹೊರಡಲಿಲ್ಲ. ಮತ್ತೆ ಹೇಳಿದಳು. "ಅಲ್ಲಮ್ಮ. ಅವರು ಬಾಯ್ಲರ್ ಮನೇಲಿದ್ರು. ಪೈಪಿಗೆ ಕಲ್ನಾರು ಕಟ್ಟೋ ಕೆಲಸ. ಬಟ್ಟೆ ನಾನು ಒಗೀತಿದ್ದೆ, ಬಚ್ಚಲಲ್ಲಿ. ಒಣದ್ದನ್ನೇ ಕೊಡವಿ. ಬಾಗಿಲು ಕಿಟಕಿ ಎಲ್ಲ ಹಾಕ್ಕೊಂಡು." ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಸೇರಿಸಿದಳು. "ಆಫೀಸು ಅಂತ ಸುಳ್ಳು ಹೇಳಿದ್ದು ನಾನು. ಅವರು ಹೇಳಿದ್ದಲ್ಲ. ಕಿಟಕಿ ತೆಗಿ ಅಂತ ಅವರು ಹೇಳಿದ್ರು. ನಾನೇ ತೆಗೀಲಿಲ್ಲ." ಅಕ್ಕನ ಕಡೆ ನೋಡಲಿಲ್ಲ. ಮೇಜಿನ ಗಾಜಿನಲ್ಲಿ ಅಕ್ಕನ ಕೈಚೀಲದ ಹಿಡಿ ಕಾಣುತ್ತಿತ್ತು, ಅದನ್ನೇ ನೋಡುತ್ತಿದ್ದಳು.

ಡಾಕ್ಟರಮ್ಮ ಗದರಲಿಲ್ಲ. ಎಷ್ಟು ವರ್ಷ ಒಗೆದಿರಿ, ವಾರಕ್ಕೆ ಎಷ್ಟು ಸಲ ಎಂದು ಕೇಳುತ್ತ ಬರೆದುಕೊಂಡಳು. ಹಾಗಾದರೆ ಪೊರೆಯದ್ದೇ ಇರಬೇಕು, ಅದಕ್ಕೆ ತಕ್ಕ ಔಷಧಿ ಶುರುಮಾಡೋಣ, ಪೂರ್ತಿ ವಾಸಿಯಾಗುತ್ತದೆ ಎಂದು ಹೇಳಲಾರೆ, ಆದರೆ ಉಸಿರು ಹಗುರಾಗುತ್ತದೆ, ದಿನಗಳು ಸಿಗುತ್ತವೆ ಎಂದಳು. ಗಂಡ ಕಟ್ಟಿದ್ದ ಕೈ ಬಿಡಿಸಿ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. "ದಿನಾ ಅದರಲ್ಲೇ ಮುಳುಗಿ ಏಳ್ತಿದ್ದವನು ನಾನು" ಎಂದ. "ನಂಗೆ ಯಾಕೆ ಬರ್ಲಿಲ್ಲ?" ಪಂಕ್ತಿಯಲ್ಲಿ ತನಗೊಬ್ಬನಿಗೆ ಬಡಿಸದೆ ಹೋದರು ಎಂಬಂತೆ ಕೇಳಿದ. ಎಲ್ಲರ ಮೈಯೂ ಒಂದೇ ಥರ ಅಲ್ಲ, ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ, ನೀವೂ ಒಂದು ಎಕ್ಸ್‌ರೇ ತೆಗೆಸಿ ಎಂದಳು ಡಾಕ್ಟರಮ್ಮ. ಅವನು ಚೀಟಿ ತೆಗೆದುಕೊಂಡು ಮಡಿಸಿ ಜೇಬಿಗಿಟ್ಟುಕೊಂಡ.

ಮತ್ತೆ ಅದೇ ಕಾರಿಡಾರು, ಅದೇ ಕುರ್ಚಿ. ಅವನು ಕುಡಿಯುವ ನೀರು ತರುತ್ತೇನೆ ಎಂದು ಹೋದ. ಹೋಗುವ ಮುಂಚೆ ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟ, ಜನರೆದುರು ಯಾವತ್ತೂ ಹಾಗೆ ಮಾಡಿದವನಲ್ಲ. ಅಕ್ಕ ಸುಮ್ಮನೆ ಕೂತದ್ದನ್ನು ಅವಳು ನೋಡಿದ್ದೇ ಕಡಿಮೆ. ಈಗ ಚುಚ್ಚುಮಾತು ಬರುತ್ತದೆ, ಬರಲಿ, ಒಂದೇ ಸಲ ಬಂದು ಹೋಗಲಿ ಎಂದು ಅವಳು ಕಾದಳು. ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು, ಮತ್ತೆ ಬಿಗಿ ಮಾಡಿದಳು.

"ನಮಗೆ ಗೊತ್ತಿತ್ತು ಕಣೇ" ಎಂದಳು ಕೊನೆಗೆ.

ಅವಳಿಗೆ ಅರ್ಥವಾಗಲಿಲ್ಲ.

"ನಿಮ್ಮನೆಯವ್ರು ಎಲ್ಲಿದ್ರು ಅಂತ. ನಿನ್ನ ಮದುವೆಯಾದ ವರ್ಷವೇ ಗೊತ್ತಾಯ್ತು. ನಿಮ್ಮ ಭಾವ ಬ್ಯಾಂಕಿನ ಕೆಲಸದ ಮೇಲೆ ಗಿರಣಿಗೆ ಹೋದಾಗ ನೋಡಿದ್ರು. ಮೈಯೆಲ್ಲ ಬಿಳೀ ಪುಡಿ, ಗುರುತೇ ಸಿಗೋ ಹಾಗಿರ್ಲಿಲ್ವಂತೆ. ಇವರನ್ನ ನೋಡಿ ಅವರು ಮುಖ ತಿರುಗಿಸ್ಕೊಂಡು ಪೈಪಿನ ಹಿಂದೆ ಹೋದ್ರಂತೆ. ನಿಮ್ಮ ಭಾವ ಮನೆಗೆ ಬಂದು, ಪಾಪ, ಹೇಳ್ಕೊಳ್ಳಕ್ಕೆ ಸಂಕೋಚ ಇರ್ಬೇಕು, ನಾವಾಗಿ ಮಾತೆತ್ತೋದು ಬೇಡ, ಅವಳಾಗಿ ಹೇಳಿದಾಗ ಹೇಳ್ಲಿ ಅಂದ್ರು." ಅಕ್ಕ ಮೂಗು ಒರೆಸಿಕೊಂಡಳು. "ಕಾಯ್ತಾನೇ ಇದ್ವಿ. ನೀನು ಹೇಳ್ಲೇ ಇಲ್ಲ. ಆಮೇಲೆ ಅದೇ ಅಭ್ಯಾಸ ಆಯ್ತು."

"ನೀನು ಬಾಲ್ಕನೀಲಿ ಕೂರ್ತಿದ್ದೆ" ಎಂದಳು ಅವಳು.

"ಕೂರ್ತಿದ್ದೆ. ನಿನ್ನ ಬಚ್ಚಲ ಕಿಟಕಿ ಬಡಿಯೋ ಸದ್ದು ಮೇಲಕ್ಕೆ ಚೆನ್ನಾಗಿ ಕೇಳ್ಸೋದು. ಕೇಳಿದ ತಕ್ಷಣ ಕುರ್ಚಿ ಎತ್ಕೊಂಡು ಒಳಗೆ ಹೋಗ್ಬಿಡ್ತಿದ್ದೆ. ನಾನು ನೋಡ್ದೆ ಅಂತ ಗೊತ್ತಾದ್ರೆ ನಿಂಗೆ ಬೇಜಾರಾಗತ್ತಲ್ಲ ಅಂತ. ನೀನು ಒಗೆದು ಮುಗಿಸೋವರೆಗೂ ಹೊರಗೆ ಬರ್ತಿರ್ಲಿಲ್ಲ."

ಅಂಗಳ ಅವಳ ಕಣ್ಣ ಮುಂದೆ ಬಂತು. ನಲ್ಲಿ, ಒಗೆಯುವ ಕಲ್ಲು, ಬಿಸಿಲಿಗೆ ಬಿದ್ದ ತಂತಿಯ ನೆರಳು. ಮೇಲೆ ಬಾಲ್ಕನಿ, ಅದರ ಕಂಬಿಗೆ ಹಾಕಿದ ಒಂದು ಟವೆಲು, ಹಿಂದೆ ಮುಚ್ಚಿದ ಬಾಗಿಲು. ಕೆಳಗೆ ಗಾಜಿನಾಚೆ ತಾನು, ಅಂಗಿಯ ಎರಡು ತೋಳು ಹಿಡಿದು ಸದ್ದಾಗದಂತೆ ಕೊಡವುತ್ತಿದ್ದಾಳೆ, ಕೆಮ್ಮು ಮೇಲಕ್ಕೆ ಕೇಳಿಸೀತೆಂದು ಬಾಯಿಗೆ ಮೊಣಕೈ ಅಡ್ಡ ಹಿಡಿದಿದ್ದಾಳೆ, ಮಿನುಗುವುದೆಲ್ಲ ನಿಧಾನವಾಗಿ ತಲೆಯ ಮೇಲೆ, ಮೂಗಿನ ಮೇಲೆ ಇಳಿಯುತ್ತಿದೆ. ವರ್ಷಗಟ್ಟಲೆ ಮಧ್ಯಾಹ್ನಗಳು. ಅವಳಿಗೆ ಅಳು ಬಂತು, ಅಳಲು ಬೇಕಾದಷ್ಟು ಉಸಿರಿರಲಿಲ್ಲ. ಅಕ್ಕ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದುಕೊಂಡಳು.

ಗಂಡ ಕಾಗದದ ಲೋಟದಲ್ಲಿ ನೀರು ತುಳುಕದಂತೆ ಹಿಡಿದುಕೊಂಡು ಬಂದ. ಇಬ್ಬರ ಮುಖವನ್ನೂ ನೋಡಿದ. "ಏನಾಯ್ತು?" ಎಂದ.

"ಏನಿಲ್ಲ" ಎಂದಳು ಅಕ್ಕ, ಕಣ್ಣೊರೆಸಿಕೊಂಡು. ಮೇಲಿನ ಮನೆಯಲ್ಲೂ ಕೆಳಗಿನ ಮನೆಯಲ್ಲೂ ಇಷ್ಟು ವರ್ಷ ಎಲ್ಲರೂ ಎಲ್ಲರಿಗೂ ಹೇಳಿಕೊಂಡು ಬಂದದ್ದು ಅದನ್ನೇ.

"ಹೇಳಕ್ಕ" ಎಂದಳು ಅವಳು. ಒಂದು ಗುಟುಕು ನೀರು ಕುಡಿದು, ಲೋಟವನ್ನು ಅವನ ಕೈಗೇ ಕೊಟ್ಟು, ಉಸಿರು ಸೇರಿಸಿಕೊಂಡು ಮತ್ತೆ ಹೇಳಿದಳು. "ಅವರಿಗೂ ಹೇಳು. ಬಾಲ್ಕನೀಲಿ ಯಾರೂ ಇರ್ಲಿಲ್ಲ ಅಂತ."